ಪತ್ರಿಕೋದ್ಯಮ ಪದವಿ: ಆರು ಸೆಮಿಸ್ಟರ್‌ನಲ್ಲಿ ಕೈಗೆ ಹತ್ತಬೇಕಾದ ಕೆಲಸ

ಪತ್ರಿಕೋದ್ಯಮ ಪದವೀಧರರ ಅಂಕಪಟ್ಟಿಯನ್ನು ಸುದ್ದಿಮನೆಯಲ್ಲಿ ಯಾರೂ ಹೆಚ್ಚು ಹೊತ್ತು ನೋಡುವುದಿಲ್ಲ. ಕೀಲಿಮಣೆ ಮುಂದೆ ಕೂರಿಸಿ, ಒಂದು ಪತ್ರಿಕಾ ಹೇಳಿಕೆ ಕೈಗಿಟ್ಟು, ‘ಅರ್ಧ ಗಂಟೆಯಲ್ಲಿ ಇನ್ನೂರು ಪದದ ಸುದ್ದಿ ಮಾಡಿ’ ಎನ್ನುತ್ತಾರೆ. ಆ ಅರ್ಧ ಗಂಟೆಯಲ್ಲಿ ತಡಬಡಾಯಿಸುವವರ ಪೈಕಿ ಡಿಸ್ಟಿಂಕ್ಷನ್ ಪಡೆದವರೂ ಇರುತ್ತಾರೆ. ಥಿಯರಿ ಪತ್ರಿಕೆಗಳು ಬೇಕು, ನಿಜ. ಆದರೆ ಪದವಿ ಕಾಲದಲ್ಲಿ ನೀವೇ ಬರೆದದ್ದು, ಪುಟ ಕಟ್ಟಿದ್ದು, ದನಿಮುದ್ರಿಸಿದ್ದು ಒಂದು ಕಡತವಾಗದಿದ್ದರೆ ಬಿ.ಎ. ಎಂಬ ಎರಡಕ್ಷರದಿಂದ ಆಗುವುದು ಕಡಿಮೆ.

ಸೇರುವ ಮುನ್ನ

ಕರ್ನಾಟಕದಲ್ಲಿ ಪದವಿ ಹಂತದ ಪತ್ರಿಕೋದ್ಯಮ ಬೋಧನೆ ಹೊಸದಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇದು ಶುರುವಾದದ್ದು 1951ರಲ್ಲಿ, ಪತ್ರಿಕೋದ್ಯಮದ ಅಧ್ಯಾಪಕ ನಾಡಿಗ ಕೃಷ್ಣಮೂರ್ತಿ ಅವರ ಕಾಲದಲ್ಲಿ. ಇಂದು ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಬಿ.ಎ.ಯ ಐಚ್ಛಿಕ ವಿಷಯಗಳಲ್ಲಿ ಒಂದಾಗಿ ‘ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ’ ಸಿಗುತ್ತದೆ. ದೊಡ್ಡ ಊರುಗಳ ಖಾಸಗಿ ಕಾಲೇಜುಗಳು ಸಮೂಹ ಸಂವಹನ, ವಿಷುಯಲ್ ಕಮ್ಯುನಿಕೇಷನ್ ಎಂಬ ಹೆಸರಿನಲ್ಲಿ ಇಡೀ ಪದವಿಯನ್ನೇ ಕೊಡುತ್ತವೆ. ಹೆಸರಿಗೆ ಮರುಳಾಗಬೇಡಿ, ಪಠ್ಯಕ್ರಮದ ಪ್ರತಿ ತೆರೆದು ಪ್ರಾಯೋಗಿಕ ತರಗತಿಗೆ ವಾರಕ್ಕೆ ಎಷ್ಟು ಗಂಟೆ ಇಟ್ಟಿದ್ದಾರೆಂದು ನೋಡಿ.

ಇನ್ನೊಂದು ಎಚ್ಚರಿಕೆ. ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ 2021–22ರಲ್ಲಿ ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆ ಬಂತು. ರಾಜ್ಯ ಸರ್ಕಾರ 2024–25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಹಾಗಾಗಿ ಸೀನಿಯರ್‌ಗಳು ಪ್ರೀತಿಯಿಂದ ದಾಟಿಸುವ ನೋಟ್ಸ್ ನಿಮ್ಮ ಪಠ್ಯಕ್ರಮಕ್ಕೆ ಹೊಂದದೆ ಹೋಗಬಹುದು.

ಕಾಲೇಜಿಗೆ ಹೋದಾಗ ಕೇಳಬೇಕಾದ ಮೊದಲ ಪ್ರಶ್ನೆ: ‘ವಿದ್ಯಾರ್ಥಿಗಳೇ ಹೊರತರುವ ಪ್ರಾಯೋಗಿಕ ಪತ್ರಿಕೆಯ ಕಳೆದ ವರ್ಷದ ಸಂಚಿಕೆಗಳನ್ನು ತೋರಿಸಿ.’ ನಾಲ್ಕು ಸಂಚಿಕೆ ಕೈಗೆ ಬಂದರೆ ವಿಭಾಗ ಜೀವಂತವಾಗಿದೆ. ನಾಲ್ಕು ವರ್ಷ ಹಿಂದಿನ ಒಂದೇ ಸಂಚಿಕೆ, ಅದೂ ಗಾಜಿನ ಚೌಕಟ್ಟಿನೊಳಗೆ ಕಂಡರೆ ಅರ್ಥ ಮಾಡಿಕೊಳ್ಳಿ. ಲ್ಯಾಬ್‌ನಲ್ಲಿ ಕಂಪ್ಯೂಟರ್ ಎಷ್ಟು, ತರಗತಿಯಲ್ಲಿ ವಿದ್ಯಾರ್ಥಿಗಳು ಎಷ್ಟು ಎಂಬುದನ್ನೂ ಎಣಿಸಿಕೊಂಡು ಬನ್ನಿ. ಜೊತೆಗೆ ಆರಿಸುವ ವಿಷಯಗಳಲ್ಲಿ ಅರ್ಥಶಾಸ್ತ್ರವೋ ರಾಜ್ಯಶಾಸ್ತ್ರವೋ ಒಂದಿರಲಿ. ಬಜೆಟ್ ಪ್ರತಿ ಓದಲು ಬಾರದ ವರದಿಗಾರರು ಜೀವನಪೂರ್ತಿ ಬೇರೆಯವರ ಹೇಳಿಕೆಗಳನ್ನೇ ಬರೆಯುತ್ತಿರಬೇಕಾಗುತ್ತದೆ.

ಮೊದಲ ವರ್ಷ: ಕ್ಯಾಮೆರಾ ಆಮೇಲೆ, ಕೀಲಿಮಣೆ ಮೊದಲು

ಮೊದಲ ಸೆಮಿಸ್ಟರ್‌ನಲ್ಲೇ ಕ್ಯಾಮೆರಾ ಕೊಳ್ಳುವ ಆಸೆ ಎಲ್ಲರಿಗೂ. ಆ ದುಡ್ಡು ಉಳಿಸಿ. ಕನ್ನಡ ಟೈಪಿಂಗ್‌ಗೆ ದಿನಕ್ಕೆ 30 ನಿಮಿಷ ಕೊಟ್ಟರೆ ಒಂದೇ ಸೆಮಿಸ್ಟರ್‌ನಲ್ಲಿ ನಿಮಿಷಕ್ಕೆ 25 ಪದದವರೆಗೆ ತಲುಪಬಹುದು. ಕಲಿಯುವುದಾದರೆ ಕೆ.ಪಿ. ರಾವ್ ರೂಪಿಸಿದ, ನುಡಿ ತಂತ್ರಾಂಶದಲ್ಲಿ ಬಳಕೆಯಲ್ಲಿರುವ ವಿನ್ಯಾಸವನ್ನೇ ಕಲಿಯಿರಿ. ಅದರಲ್ಲಿ ‘ಎಫ್’ ಕೀಲಿ ಒತ್ತಕ್ಷರದ ಕೊಂಡಿ: ಕೆ, ಎಫ್, ಕೆ ಒತ್ತಿದರೆ ‘ಕ್ಕ’. ಮೊಬೈಲ್‌ನಲ್ಲಿ ಇಂಗ್ಲಿಷ್ ಕಾಗುಣಿತ ಹೊಡೆದು ಕನ್ನಡ ಮಾಡಿಸುವ ಅಭ್ಯಾಸ ಚಾಟ್‌ಗೆ ಸಾಕು, ಸುದ್ದಿ ತಿದ್ದಿ ಪುಟಕ್ಕೆ ಸಿದ್ಧಪಡಿಸುವ ಡೆಸ್ಕ್‌ಗೆ ಸಾಲದು.

ಯುನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ವ್ಯವಸ್ಥೆ) ಮತ್ತು ಹಳೆಯ ಫಾಂಟ್‌ಗಳ ವ್ಯತ್ಯಾಸ ಇಲ್ಲೇ ತಲೆಗೆ ಹೋಗಬೇಕು. ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಕಣ್ಣಿಗೆ ಕನ್ನಡ, ಕಂಪ್ಯೂಟರ್‌ಗೆ ಮಾತ್ರ ಅದು ಇಂಗ್ಲಿಷ್. ಹಾಗಾಗಿಯೇ ಅಂಥ ಬರಹ ಹುಡುಕಿದರೆ ಸಿಗುವುದಿಲ್ಲ, ಬೇರೆ ಯಂತ್ರದಲ್ಲಿ ತೆರೆದರೆ ಚಿತ್ರಲಿಪಿಯಾಗುತ್ತದೆ. ಯುನಿಕೋಡ್‌ಗೆ ಪರಿವರ್ತಿಸುವಾಗ ನಡುವೆ ನಿಜವಾದ ಇಂಗ್ಲಿಷ್ ಪದವಿದ್ದರೆ ಅದೂ ಕನ್ನಡದ ಅಪಭ್ರಂಶವಾಗಿ ಹೊರಬರುತ್ತದೆ. ಪರಿವರ್ತಿಸಿದ ಮೇಲೆ ಉದ್ಧರಣ ಚಿಹ್ನೆ, ಅರ್ಕಾವತ್ತು ಮತ್ತು ಇಂಗ್ಲಿಷ್ ಪದಗಳಿದ್ದ ಜಾಗವನ್ನು ಕಣ್ಣಿನಿಂದಲೇ ಪರಿಶೀಲಿಸಬೇಕು.

ಈಗ ಸುದ್ದಿ ಬರೆಯುವ ಅಭ್ಯಾಸ. ತಾಲ್ಲೂಕು ಮಟ್ಟದ ಪತ್ರಿಕಾ ಹೇಳಿಕೆ ಹೆಚ್ಚುಕಡಿಮೆ ಹೀಗಿರುತ್ತದೆ:

‘ತಾಲ್ಲೂಕು ಪಂಚಾಯಿತಿ ಸಭಾಂಗಣದಲ್ಲಿ ಮಂಗಳವಾರ ಏರ್ಪಡಿಸಲಾಗಿದ್ದ ತ್ರೈಮಾಸಿಕ ಕೆಡಿಪಿ ಪ್ರಗತಿ ಪರಿಶೀಲನಾ ಸಭೆಯಲ್ಲಿ ಕುಡಿಯುವ ನೀರಿನ ಸಮಸ್ಯೆ ಕುರಿತು ಸುದೀರ್ಘವಾಗಿ ಚರ್ಚಿಸಲಾಯಿತು. 42 ಶುದ್ಧ ನೀರಿನ ಘಟಕಗಳ ಪೈಕಿ 17 ಘಟಕಗಳು ಸ್ಥಗಿತಗೊಂಡಿರುವ ಬಗ್ಗೆ ಅಧಿಕಾರಿಗಳಿಂದ ಮಾಹಿತಿ ನೀಡಲಾಯಿತು.’

ಹೊಸಬರು ಇದನ್ನೇ ಎರಡು ಪದ ಆಚೀಚೆ ಮಾಡಿ ಕೊಡುತ್ತಾರೆ. ಸಭೆ ನಡೆದದ್ದು ಸುದ್ದಿಯಲ್ಲ. ಸುದ್ದಿ ಇಲ್ಲಿದೆ: ‘ತಾಲ್ಲೂಕಿನ 42 ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ 17 ಕೆಟ್ಟು ನಿಂತಿವೆ.’ ಒಂಬತ್ತೇ ಪದ. ಯಾರು ಹೇಳಿದರು, ಎಲ್ಲಿ ಹೇಳಿದರು ಎಂಬುದು ಎರಡನೇ ವಾಕ್ಯಕ್ಕೆ. ಆಮೇಲೆ ಹೇಳಿಕೆಯಲ್ಲಿ ಇಲ್ಲದ್ದನ್ನು ಫೋನ್ ಮಾಡಿ ಕೇಳಬೇಕು: ಆ ಹದಿನೇಳು ಯಾವ ಊರಿನವು? ಎಷ್ಟು ತಿಂಗಳಿಂದ? ನಿರ್ವಹಣೆಯ ಗುತ್ತಿಗೆ ಯಾರದು? ಅಲ್ಲಿನ ಜನ ಈಗ ಯಾವ ನೀರು ಕುಡಿಯುತ್ತಿದ್ದಾರೆ? ಹತ್ತಿರದ ಎರಡು ಘಟಕಗಳಿಗಾದರೂ ಹೋಗಿ ನಾಣ್ಯ ಹಾಕಿ ನೋಡಿ. ಪಟ್ಟಿಯಲ್ಲಿ ‘ಚಾಲನೆಯಲ್ಲಿದೆ’ ಎಂದಿರುವ ಘಟಕದ ಬೀಗಕ್ಕೆ ತುಕ್ಕು ಹಿಡಿದಿದ್ದರೆ ನಿಮ್ಮ ಲೀಡ್, ಅಂದರೆ ಸುದ್ದಿಯ ಮೊದಲ ವಾಕ್ಯ, ಅಲ್ಲೇ ಬದಲಾಗುತ್ತದೆ.

ವಾರಕ್ಕೆ ಇಂಥ ಮೂರು ಬರೆಯಿರಿ. ಬರೆದದ್ದರಲ್ಲಿ ‘ಲಾಗಿದೆ’, ‘ಲಾಯಿತು’, ‘ಲ್ಪಟ್ಟ’ ಎಂಬ ಬಾಲಗಳಿಗೆಲ್ಲ ಕೆಂಪು ಗೆರೆ ಹಾಕಿ, ಮಾಡಿದವರು ಯಾರೆಂದು ತಿಳಿದಿರುವ ಕಡೆಯಲ್ಲೆಲ್ಲ ವಾಕ್ಯವನ್ನು ತಿರುಗಿಸಿ. ಅನುವಾದದ ಅಭ್ಯಾಸವೂ ಜೊತೆಗೇ ನಡೆಯಲಿ, ಏಕೆಂದರೆ ಕನ್ನಡ ಡೆಸ್ಕ್‌ನ ಅರ್ಧ ಕೆಲಸ ಅದೇ. ಅಲ್ಲಿ ಎಡವುವುದು ಹೆಚ್ಚಾಗಿ ಅಂಕಿಯಲ್ಲಿ: ಒಂದು ಮಿಲಿಯನ್ ಎಂದರೆ 10 ಲಕ್ಷ, ಒಂದು ಬಿಲಿಯನ್ ಎಂದರೆ 100 ಕೋಟಿ. ಸೊನ್ನೆ ತಪ್ಪಿದರೆ ಹಗರಣದ ಗಾತ್ರವೇ ಬದಲಾಗುತ್ತದೆ. ‘ಆರೋಪಿ’ ಮತ್ತು ‘ಅಪರಾಧಿ’ ನಡುವೆ ನ್ಯಾಯಾಲಯದ ತೀರ್ಪು ನಿಂತಿದೆ ಎಂಬುದನ್ನೂ ಮರೆಯಬಾರದು.

ಕಾನೂನು ಪತ್ರಿಕೆ: ಹಳೆಯ ಗೈಡ್ ಬೇಡ

ಪತ್ರಿಕಾ ಕಾನೂನಿನ ಹಳೆಯ ಗೈಡ್‌ಗಳಲ್ಲಿ ಪತ್ರಿಕೆ ಮತ್ತು ಪುಸ್ತಕ ನೋಂದಣಿಯ 1867ರ ಕಾಯ್ದೆಯೇ ಇರುತ್ತದೆ. ಅದರ ಜಾಗಕ್ಕೆ ಬಂದ, ಪತ್ರಿಕೆ ಮತ್ತು ನಿಯತಕಾಲಿಕೆಗಳ ನೋಂದಣಿಯ 2023ರ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅದೇ ವರ್ಷದ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದ್ದು, ಮಾನನಷ್ಟದ 499ನೇ ಸೆಕ್ಷನ್ ಈಗ 356 ಆಗಿದೆ. ವಿದ್ಯಾರ್ಥಿಗಳು ತಿಳಿಯದೆ ಮಾಡುವ ದೊಡ್ಡ ತಪ್ಪು ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ಪ್ರಕರಣಗಳಲ್ಲಿ. ಮಗುವಿನ ಹೆಸರು ಬರೆಯಬಾರದೆಂದು ಎಲ್ಲರಿಗೂ ಗೊತ್ತು. ಆದರೆ ಆ ಕಾಯ್ದೆಯ 23ನೇ ಸೆಕ್ಷನ್ ವಿಳಾಸ, ಫೋಟೊ, ಕುಟುಂಬದ ವಿವರ, ಶಾಲೆ, ನೆರೆಹೊರೆ ಎಲ್ಲವನ್ನೂ ಸೇರಿಸುತ್ತದೆ. ‘ಇಂಥ ಊರಿನ ಇಂಥ ಶಾಲೆಯ ಏಳನೇ ತರಗತಿ ಬಾಲಕಿ’ ಎಂದು ಬರೆದರೆ ಊರಿಗೆಲ್ಲ ಹೆಸರು ಹೇಳಿದಂತೆಯೇ.

ಮಾಹಿತಿ ಹಕ್ಕು ಅರ್ಜಿಯನ್ನು ಪಾಠವಾಗಿ ಓದುವ ಬದಲು ಒಂದು ಹಾಕಿಯೇ ನೋಡಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ‘ಏಕೆ ದುರಸ್ತಿ ಮಾಡಿಲ್ಲ?’ ಎಂದು ಕೇಳಿದರೆ ಉತ್ತರ ಬಾರದು. ‘ದುರಸ್ತಿಗೆ ಸಂಬಂಧಿಸಿದ ಕಡತದ ಪ್ರತಿ ಕೊಡಿ’ ಎಂದರೆ ಕೊಡಬೇಕಾಗುತ್ತದೆ. ಉತ್ತರಕ್ಕೆ 30 ದಿನ, ಮೇಲ್ಮನವಿಗೆ ಹೋದರೆ ಇನ್ನಷ್ಟು. ಸೆಮಿಸ್ಟರ್‌ನ ಮೊದಲ ವಾರವೇ ಹಾಕಿದರೆ ಪರೀಕ್ಷೆಗೆ ಮುಂಚೆ ಕಾಗದ ಕೈಸೇರುವ ಸಾಧ್ಯತೆ ಇದೆ.

ಪ್ರಾಯೋಗಿಕ ಪತ್ರಿಕೆ: ನಾಲ್ಕು ಪುಟದ ಪಾಠಶಾಲೆ

ಮೂರು ವರ್ಷದಲ್ಲಿ ಒಂದೇ ಕೆಲಸ ಚೆನ್ನಾಗಿ ಮಾಡಲು ಬಿಡುವಿದ್ದರೆ ಇದನ್ನೇ ಮಾಡಿ. ಟ್ಯಾಬ್ಲಾಯ್ಡ್ ಅಳತೆಯ ನಾಲ್ಕು ಪುಟ, ಪುಟಕ್ಕೊಬ್ಬರು ಹೊಣೆಗಾರರು, ಒಟ್ಟು ಮೂರು ವಾರ. ಮೊದಲ ವಾರ ಸುದ್ದಿಪಟ್ಟಿ ಮತ್ತು ವರದಿಗಾರಿಕೆ, ಎರಡನೆಯದು ಬರಹ ತಿದ್ದುವುದಕ್ಕೆ, ಮೂರನೆಯದು ಪುಟವಿನ್ಯಾಸ ಮತ್ತು ಮುದ್ರಣಕ್ಕೆ. ಪುಟ ಹೆಚ್ಚಿಸುವುದಾದರೆ ನಾಲ್ಕರಿಂದ ಎಂಟಕ್ಕೇ ಹೋಗಬೇಕು. ಮಡಚಿದ ಹಾಳೆ ನಾಲ್ಕರ ಲೆಕ್ಕದಲ್ಲೇ ಬರುತ್ತದೆ.

ಡಮ್ಮಿಯನ್ನು, ಅಂದರೆ ಯಾವ ಸುದ್ದಿ ಎಲ್ಲಿ ಎಂದು ತೋರಿಸುವ ಪುಟದ ನಕ್ಷೆಯನ್ನು, ಕಾಗದದ ಮೇಲೆ ಪೆನ್ಸಿಲ್‌ನಲ್ಲೇ ಬರೆಯಿರಿ. ಅದಕ್ಕೆ ಮುನ್ನ ನಿಮ್ಮ ಫಾಂಟ್‌ನಲ್ಲಿ ಒಂದು ಕಾಲಂನ 10 ಸೆಂ.ಮೀ. ಉದ್ದಕ್ಕೆ ಎಷ್ಟು ಪದ ಹಿಡಿಯುತ್ತದೆಂದು ಅಳೆದಿಟ್ಟುಕೊಳ್ಳಿ. ಈ ಲೆಕ್ಕವಿಲ್ಲದೆ ಹೊರಟವರು ಕೊನೆಯ ರಾತ್ರಿ ಸುದ್ದಿಯ ಬಾಲ ಕತ್ತರಿಸುತ್ತಲೋ ಖಾಲಿ ಜಾಗಕ್ಕೆ ಸುಭಾಷಿತ ತುಂಬುತ್ತಲೋ ಕೂರುತ್ತಾರೆ.

ಕನ್ನಡ ಪುಟಕ್ಕೆ ಅದರದೇ ಕಾಟಗಳಿವೆ. ನಮ್ಮ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಇಂಗ್ಲಿಷ್‌ನ ಸಾಲಂತರ ಇಟ್ಟರೆ ಮೇಲಿನ ಸಾಲಿನ ‘ಷ್ಟ್ರ’ ಕೆಳಗಿನ ಸಾಲಿನ ತಲೆಗೆ ಕುಟ್ಟುತ್ತದೆ. 10 ಪಾಯಿಂಟ್ ಅಕ್ಷರಕ್ಕೆ 13ರಿಂದ 14 ಪಾಯಿಂಟ್ ಸಾಲಂತರ ಕೊಡಿ. ಎರಡು ಸಾಲಿನ ತಲೆಬರಹದಲ್ಲಿ ‘ರಾಷ್ಟ್ರೀಯ’, ‘ಸ್ತ್ರೀ’ ಮೇಲಿನ ಸಾಲಿಗೆ ಬಂದರೆ ಇನ್ನೂ ಸ್ವಲ್ಪ ಸಡಿಲಿಸಬೇಕು. ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ಫಾಂಟ್ ಅನ್ನು ಬೈಯಬೇಡಿ. ಪ್ಯಾರಾ ಸೆಟ್ಟಿಂಗ್‌ನಲ್ಲಿ ‘ವರ್ಲ್ಡ್ ರೆಡಿ’ ಕಂಪೋಸರ್ ಆರಿಸಿದರೆ ಸರಿಹೋಗುತ್ತದೆ. ದುಡ್ಡಿಲ್ಲದ ವಿಭಾಗಗಳಿಗೆ ಉಚಿತ ತಂತ್ರಾಂಶ ಸ್ಕ್ರೈಬಸ್ ಇದೆ, ಹೊಸ ಆವೃತ್ತಿಯನ್ನೇ ಬಳಸಿ.

ಕನ್ನಡದ ಪದಗಳು ಉದ್ದ. ‘ಮಾಡಬೇಕಾಗಿರುವುದರಿಂದ’ ಎಂಬುದು ಕಿರಿದಾದ ಕಾಲಂಗೆ ಬಿದ್ದರೆ ಹಿಂದಿನ ಸಾಲಿನ ಪದಗಳು ಹಲ್ಲುಬಿಟ್ಟಂತೆ ದೂರದೂರ ನಿಲ್ಲುತ್ತವೆ. ಕಾಲಂ ಅಗಲಿಸಿ, ಇಲ್ಲವೇ ಎಡಕ್ಕೆ ಮಾತ್ರ ಹೊಂದಿಸಿ. ಅಡ್ಡಗೆರೆಯಿಂದ ಪದ ಮುರಿಯುವುದಾದರೆ ಇಡೀ ಅಕ್ಷರದ ಅಂಚಿನಲ್ಲಿ ಮುರಿಯಬೇಕು.

ಫೋಟೊದ್ದು ಪ್ರತಿ ಸಂಚಿಕೆಯ ಗೋಳು. 15 ಸೆಂ.ಮೀ. ಅಗಲಕ್ಕೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಮುದ್ರಿಸಲು ಚಿತ್ರ ಸುಮಾರು 1,770 ಪಿಕ್ಸೆಲ್ ಅಗಲವಿರಬೇಕು. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಕುಗ್ಗಿ ಬರುತ್ತದೆ, ಅದನ್ನು ಎಳೆದು ಹಿಗ್ಗಿಸಿದರೆ ಮುಖಗಳು ಇಟ್ಟಿಗೆ ಜೋಡಿಸಿದಂತೆ ಕಾಣುತ್ತವೆ. ‘ಡಾಕ್ಯುಮೆಂಟ್’ ಆಗಿ ಕಳಿಸಿ ಎಂದು ಎಲ್ಲರಿಗೂ ಮೊದಲೇ ಹೇಳಿಡಿ. ಪಿಡಿಎಫ್ ಮಾಡುವಾಗ ಅಕ್ಷರದ ಕಪ್ಪು ಬರೀ ಕಪ್ಪು ಶಾಯಿಯದ್ದಾಗಿರಲಿ. ನಾಲ್ಕೂ ಬಣ್ಣ ಬೆರೆತ ಕಪ್ಪಾದರೆ, ಮುದ್ರಣದ ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಪ್ರತಿ ಅಕ್ಷರಕ್ಕೆ ಬಣ್ಣದ ನೆರಳು ಹತ್ತಿಕೊಳ್ಳುತ್ತದೆ.

ಕರಡು ತಿದ್ದಲು ಎ3 ಹಾಳೆಯಲ್ಲಿ ಪ್ರಿಂಟ್ ತೆಗೆದು ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮೂಲ ನೋಡುತ್ತಿರಬೇಕು. ತಲೆಬರಹ, ಚಿತ್ರದ ಅಡಿಬರಹ ಮತ್ತು ದಿನಾಂಕದ ಸಾಲನ್ನು ಕೊನೆಗೆ ಬೇರೆಯಾಗಿ ಓದಿ. ದೊಡ್ಡಕ್ಷರದ ತಪ್ಪು ಯಾರ ಕಣ್ಣಿಗೂ ಬೀಳದೆ ಮುದ್ರಣಕ್ಕೆ ಹೋಗಿಬಿಡುವುದು ಹೊಸತೇನಲ್ಲ.

ದನಿ ಮತ್ತು ದೃಶ್ಯ

‘ಆಕಾಶವಾಣಿ’ ಎಂಬ ಹೆಸರಿನಲ್ಲಿ ಬಾನುಲಿ ಕೇಂದ್ರ ಶುರುವಾದದ್ದು 1935ರಲ್ಲಿ ಮೈಸೂರಿನಲ್ಲಿ, ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರಿಂದ. ಇಂದು ಮೊಬೈಲ್ ಮತ್ತು ಒಂದು ಕಾಲರ್ ಮೈಕ್ ಇದ್ದರೆ ಅಭ್ಯಾಸಕ್ಕೆ ಸಾಕು. ಮಂಗಳೂರಿನ ಸಂತ ಅಲೋಶಿಯಸ್‌ನ ರೇಡಿಯೊ ಸಾರಂಗ್ 107.8ರಂಥ ಸಮುದಾಯ ಬಾನುಲಿ ಹತ್ತಿರದಲ್ಲಿದ್ದರೆ ಅಲ್ಲಿಗೆ ಹೋಗಿ ಕೇಳಿ.

ಫ್ಯಾನ್ ಆರಿಸಿ, ಫೋನ್ ಅನ್ನು ಫ್ಲೈಟ್ ಮೋಡ್‌ಗೆ ಹಾಕಿ, ಮೈಕ್ ಬಾಯಿಂದ ಒಂದು ಗೇಣು ದೂರವಿರಲಿ. ಮುದ್ರಣದ ಮೀಟರ್‌ನಲ್ಲಿ ದನಿಯ ಏರು –12 ಡೆಸಿಬಲ್ ಆಸುಪಾಸಿನಲ್ಲಿರಲಿ. ಸೊನ್ನೆ ಮುಟ್ಟಿ ಒಡೆದ ದನಿಯನ್ನು ಯಾವ ತಂತ್ರಾಂಶವೂ ಪೂರ್ತಿ ಕೂಡಿಸದು. ಮಾತು ಮುಗಿದ ಮೇಲೆ 30 ಸೆಕೆಂಡ್ ಕೋಣೆಯ ಮೌನವನ್ನೂ ಮುದ್ರಿಸಿಕೊಳ್ಳಿ, ಕತ್ತರಿಸಿದ ಜಾಗ ಮುಚ್ಚಲು ಬೇಕಾಗುತ್ತದೆ.

ವಿಡಿಯೊದಲ್ಲಿ ಟ್ಯೂಬ್‌ಲೈಟ್ ಕೆಳಗಿನ ಸಂದರ್ಶನ ಪಟಪಟ ಮಿನುಗುವುದನ್ನು ನೋಡಿರುತ್ತೀರಿ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು, ದೀಪ ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ಮೊಬೈಲ್‌ಗಳು ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮ್‌ಗೆ ಹೊಂದಿಸಿಕೊಂಡೇ ಬರುತ್ತವೆ. 25 ಫ್ರೇಮ್, ಷಟರ್ 1/50 ಸೆಕೆಂಡಿಗೆ ಬದಲಿಸಿದರೆ ಮಿನುಗು ನಿಲ್ಲುತ್ತದೆ. ಹಿನ್ನೆಲೆಗೆ ಸಿನಿಮಾ ಹಾಡು ಹಾಕಬೇಡಿ. ಹಕ್ಕುಸ್ವಾಮ್ಯದ ದೂರು ಬಂದರೆ ಯೂಟ್ಯೂಬ್‌ನಿಂದ ನಿಮ್ಮ ಕಿರುಚಿತ್ರವೇ ಮಾಯವಾದೀತು.

ಇಂಟರ್ನ್‌ಷಿಪ್ ಮತ್ತು ಕೊನೆಯ ಪ್ರಾಜೆಕ್ಟ್

ದಿನಪತ್ರಿಕೆಗೆ ಬೆಳಿಗ್ಗೆ ಹತ್ತಕ್ಕೆ ಹೋಗಿ ಸಂಜೆ ಐದಕ್ಕೆ ಮನೆಗೆ ಬಂದರೆ ಖಾಲಿ ಕುರ್ಚಿಗಳನ್ನಷ್ಟೇ ನೋಡಿದಂತೆ. ಡೆಸ್ಕ್ ಬಿಸಿಯಾಗುವುದೇ ಸಂಜೆ. ದೂರದ ಜಿಲ್ಲೆಗಳ ಆವೃತ್ತಿ ಮೊದಲು ಮುಗಿಯುತ್ತದೆ, ನಗರದ್ದು ತಡರಾತ್ರಿಗೆ. ಕನಿಷ್ಠ ಒಂದು ವಾರ ಆ ಪಾಳಿಯನ್ನೇ ಕೇಳಿ ಪಡೆಯಿರಿ. ರಾತ್ರಿ ಮನೆಗೆ ಮರಳುವ ವ್ಯವಸ್ಥೆಯನ್ನು ಮೊದಲ ದಿನವೇ ಮಾತಾಡಿಕೊಳ್ಳಿ.

ಪ್ರಾಜೆಕ್ಟ್‌ಗೆ ‘ಸಾಮಾಜಿಕ ಮಾಧ್ಯಮದ ಪ್ರಭಾವ’ ಎಂಬ ವಿಷಯ ಬೇಡವೇ ಬೇಡ. ಅಷ್ಟಗಲದ ವಿಷಯವನ್ನು ಯಾರೂ ಅಳೆಯಲಾರರು. ಬದಲಿಗೆ ‘ಎರಡು ಕನ್ನಡ ದಿನಪತ್ರಿಕೆಗಳ ಮುಖಪುಟದಲ್ಲಿ ಕೃಷಿ ಸುದ್ದಿ, ಒಂದು ವರ್ಷ’ ಎಂದಿರಲಿ. 365 ಸಂಚಿಕೆ ಓದಬೇಕಿಲ್ಲ, ಸತತ ಏಳು ದಿನವನ್ನೂ ತೆಗೆದುಕೊಳ್ಳಬಾರದು: ಆ ವಾರ ಬಜೆಟ್ಟೋ ಚುನಾವಣೆಯೋ ಬಂದರೆ ಲೆಕ್ಕ ವಾಲುತ್ತದೆ. ವರ್ಷದ ಎಲ್ಲ ಸೋಮವಾರಗಳ ಚೀಟಿ ಹಾಕಿ ಎರಡು ಎತ್ತಿ, ಹಾಗೆಯೇ ಮಂಗಳವಾರ, ಬುಧವಾರ. ಹೀಗೆ ಕಟ್ಟಿದ ಎರಡು ವಾರ, ಅಂದರೆ 14 ಸಂಚಿಕೆ, ಒಂದು ವರ್ಷದ ದಿನಪತ್ರಿಕೆಯನ್ನು ಪ್ರತಿನಿಧಿಸಲು ಸಾಕೆಂಬುದು ಈ ವಿಧಾನದ ಒಪ್ಪಿತ ಅಳತೆ. ಯಾವುದನ್ನು ‘ಕೃಷಿ ಸುದ್ದಿ’ ಎನ್ನುತ್ತೀರಿ ಎಂಬುದನ್ನು ಎಣಿಕೆಗೆ ಮುನ್ನ ಬರೆದಿಡಿ. ಅಡಿಕೆ ಧಾರಣೆ ಕೃಷಿಯೋ ವಾಣಿಜ್ಯವೋ? ಸ್ನೇಹಿತರೊಬ್ಬರಿಗೆ ಹತ್ತನೇ ಒಂದು ಭಾಗ ಕೊಟ್ಟು ಪ್ರತ್ಯೇಕವಾಗಿ ಎಣಿಸಲು ಹೇಳಿ. ಇಬ್ಬರ ಲೆಕ್ಕ ದೂರದೂರ ಹೋದರೆ ನಿಮ್ಮ ವ್ಯಾಖ್ಯೆಯನ್ನೇ ತಿದ್ದಬೇಕು.

ಮೊದಲು ಹೇಳಿದ ನಿಮ್ಮ ಕೆಲಸದ ಕಡತಕ್ಕೆ ಬಂದರೆ ಹತ್ತು ತುಣುಕು ಸಾಕು: ನಾಲ್ಕು ವರದಿ, ಒಂದು ಅನುವಾದ ಮೂಲದ ಸಮೇತ, ನೀವೇ ಕಟ್ಟಿದ ಎರಡು ಪುಟ, ಒಂದು ದನಿ, ಒಂದು ವಿಡಿಯೊ, ಪ್ರಾಜೆಕ್ಟ್‌ನ ಎರಡು ಪುಟದ ಸಾರಾಂಶ. ಗುಂಪಿನ ಕೆಲಸವಾಗಿದ್ದರೆ ನಿಮ್ಮ ಪಾಲು ಯಾವುದೆಂದು ಒಂದು ಸಾಲಿನಲ್ಲಿ ಬರೆಯಿರಿ, ಸಂದರ್ಶನದಲ್ಲಿ ಅದನ್ನು ಕೇಳಿಯೇ ಕೇಳುತ್ತಾರೆ. ಪ್ರಕಟವಾದ ಲೇಖನದ ಲಿಂಕ್ ಜೊತೆಗೆ ಪುಟದ ಪಿಡಿಎಫ್ ಅನ್ನೂ ಇಟ್ಟುಕೊಳ್ಳಿ. ಜಾಲತಾಣ ಹೊಸ ರೂಪ ಪಡೆದಾಗ ಮೊದಲು ಕಾಣೆಯಾಗುವುದು ಇಂಟರ್ನ್‌ಗಳ ಲಿಂಕುಗಳೇ.