ಹವಳ ಸೊರಗುತ್ತಿದ್ದರೆ ಮೊದಲು ಟೆಸ್ಟ್ ಕಿಟ್ ತೆಗೆಯಿರಿ

ಮರೈನ್ ಟ್ಯಾಂಕಿನಲ್ಲಿ (ಉಪ್ಪುನೀರಿನ ಅಕ್ವೇರಿಯಂ) ಹವಳ ಮುದುಡಿದ ಕೂಡಲೇ ಸುಮ್ನೆ ಸಿಕ್ಕಿದ ಔಷಧಿಯನ್ನೆಲ್ಲ ಸುರಿಯಬೇಡಿ. ಮೊದಲು ಉಪ್ಪಿನಂಶ ನೋಡಿ, 35 ಪಿಪಿಟಿ (ಸಾವಿರ ಭಾಗಕ್ಕೆ 35 ಭಾಗ) ಇರಬೇಕು. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಆರ್‌ಒ ನೀರು (ಉಪ್ಪು ತೆಗೆದು ಶುದ್ಧ ಮಾಡಿದ ನೀರು) ಹಾಕಿ ಸೊನ್ನೆಗೆ ತಂದರೆ ಸಾಲದು, 35 ಪಿಪಿಟಿ ದ್ರಾವಣದಲ್ಲೇ ಸರಿಮಾಡಿಕೊಳ್ಳಿ, ಎಷ್ಟೋ ಸಲ ತಪ್ಪು ಇರೋದು ಮೀಟರಿನಲ್ಲೇ.

ಆಮೇಲೆ ಆಲ್ಕಲಿನಿಟಿ, ಅಂದರೆ ನೀರಿನ ಕ್ಷಾರೀಯತೆ. ಇದನ್ನು ಡಿಕೆಎಚ್ ಅನ್ನೋ ಮಾನದಲ್ಲಿ ಅಳೆಯುತ್ತಾರೆ, 8ರಿಂದ 9 ಒಳ್ಳೆಯದು. ಆದರೆ ಅಂಕಿಗಿಂತ ಏರಿಳಿತವೇ ಜಾಸ್ತಿ ಕಾಡುತ್ತದೆ, ಅದಕ್ಕೇ ಕಡಿಮೆ ಇದ್ದರೂ ದಿನಕ್ಕೆ 1 ಡಿಕೆಎಚ್‌ಗಿಂತ ಹೆಚ್ಚು ಏರಿಸಬೇಡಿ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ ಬಂತು ಅಂತ ಖುಷಿಪಡುವವರೂ ಇದ್ದಾರೆ. ಅದು ಒಳ್ಳೆ ಸುದ್ದಿ ಅಲ್ಲ, ಹವಳ ಉಪವಾಸ ಬಿದ್ದು ಬಿಳಿಚಿಕೊಳ್ಳುತ್ತದೆ. ನೈಟ್ರೇಟ್ 5 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 5 ಭಾಗ), ಫಾಸ್ಫೇಟ್ 0.05 ಪಿಪಿಎಂ ಆಸುಪಾಸು ಇರಲಿ.

ಬಣ್ಣ ಹೋಗಿ ಮಾಂಸ ಹಾಗೇ ಉಳಿದಿದ್ದರೆ ಬೆಳಕು ಜಾಸ್ತಿ ಆಗಿರಬಹುದು, ಇಲ್ಲವೇ ನೀರು ಬಿಸಿ. ನಮ್ಮ ಏಪ್ರಿಲ್ ಬಿಸಿಲಿಗೆ ಟ್ಯಾಂಕ್ 30 ಡಿಗ್ರಿ ದಾಟೋದು ಸುಲಭ, ಅಲ್ವಾ? ನೀರಿನ ಮೇಲೆ ಸಣ್ಣ ಫ್ಯಾನ್ ಇಟ್ಟರೆ ಒಂದೆರಡು ಡಿಗ್ರಿ ಇಳಿಯುತ್ತದೆ (ಆವಿಯಾದಷ್ಟು ಆರ್‌ಒ ನೀರು ಸೇರಿಸಿ, ಉಪ್ಪುನೀರಲ್ಲ). ಕಂದುಬಣ್ಣಕ್ಕೆ ತಿರುಗಿದರೆ ಸಾಮಾನ್ಯವಾಗಿ ಬೆಳಕು ಕಡಿಮೆ ಅಥವಾ ಪೋಷಕಾಂಶ (ನೈಟ್ರೇಟ್, ಫಾಸ್ಫೇಟ್) ಜಾಸ್ತಿ.

ಎಲ್ಲ ಸರಿ ಇದ್ದೂ ಒಂದೇ ಹವಳ ಸೊರಗುತ್ತಿದ್ದರೆ ರಾತ್ರಿ ಟಾರ್ಚ್ ಹಿಡಿದು ಹುಳ, ನುಡಿಬ್ರಾಂಕ್ (ಚಿಪ್ಪಿಲ್ಲದ ಸಮುದ್ರದ ಬಸವನಹುಳು) ಹುಡುಕಿ. ಡಿಪ್ ಮಾಡುವುದಿದ್ದರೆ, ಅಂದರೆ ಹವಳವನ್ನು ಔಷಧಿ ನೀರಿನಲ್ಲಿ ಅದ್ದುವುದಿದ್ದರೆ, ಟ್ಯಾಂಕಿನ ನೀರನ್ನೇ ಬೇರೆ ಬಕೆಟ್‌ಗೆ ತೆಗೆದುಕೊಂಡು ಮಾಡಿ. ಜೋಆಂಥಿಡ್ (ಗುಂಡಿಯಂತೆ ಕಾಣುವ, ಹವಳದ ಹತ್ತಿರದ ಸಂಬಂಧಿ) ಆದರೆ ಗ್ಲೌಸ್, ಕನ್ನಡಕ ಇಲ್ಲದೆ ಮುಟ್ಟಬೇಡಿ. ಅದರಲ್ಲಿ ಪಾಲಿಟಾಕ್ಸಿನ್ ವಿಷ ಇರಬಹುದು, ಜೋಆಂಥಿಡ್ ಅಂಟಿದ ಕಲ್ಲನ್ನು ಕುದಿಸೋದಂತೂ ಬೇಡವೇ ಬೇಡ.