ಮೊದಲ ಕೂಟದಲ್ಲಿ ವಾಲಿಯ ಅರ್ಥ ಹೇಳುವುದು ಹೇಗೆ?

ತಾಳಮದ್ದಳೆಯಲ್ಲಿ, ಅಂದರೆ ಕೂತು ಮಾತಾಡುವ ಯಕ್ಷಗಾನದಲ್ಲಿ, ಪದ (ಹಾಡು) ಹಾಡುಗಾರರಾದ ಭಾಗವತರದ್ದು, ಅದಕ್ಕೆ ಅರ್ಥವಾಗಿ ಹೇಳುವ ಮಾತು ನಿಮ್ಮದು. ಪದ ಎಂದೋ ಬರೆದಿಟ್ಟದ್ದು. ಮಾತು ಅಲ್ಲೇ ಹುಟ್ಟಬೇಕಾದ್ದು. ವೇಷ, ಕುಣಿತ ಇಲ್ಲದ್ದರಿಂದ ತಡವರಿಸಿದರೆ ಮರೆಮಾಚಲು ಏನೂ ಇರುವುದಿಲ್ಲ. ಆ ಹೆದರಿಕೆಗೆ ಹೊಸಬರು ಅರ್ಥವನ್ನೆಲ್ಲ ಬರೆದು ಉರು ಹೊಡೆಯುತ್ತಾರೆ. ನಾನೂ ಹೊಡೆದಿದ್ದೆ. ನನ್ನ ಎರಡನೇ ಪುಟದ ಪ್ರಶ್ನೆಗೆ ಎದುರಿನ ರಾಮ ಮೊದಲೇ ಉತ್ತರ ಕೊಟ್ಟುಬಿಟ್ಟ. ಉಳಿದ ಪುಟಗಳು ನನ್ನ ಜತೆಗೇ ಮನೆಗೆ ವಾಪಸ್ಸಾದವು.

ಉರು ಹೊಡೆಯಬೇಕಾದ್ದು ಪದಗಳನ್ನು. 'ವಾಲಿವಧೆ' ಪ್ರಸಂಗದಲ್ಲಿ ಯಾವ ಪದ ಹಾಡುತ್ತಾರೆ, ಯಾವುದನ್ನು ಬಿಡುತ್ತಾರೆಂದು ಭಾಗವತರ ಹತ್ತಿರ ಮೊದಲೇ ಕೇಳಿಕೊಳ್ಳಿ.

ಆಮೇಲೆ ಮೂಲ. ವಾಲ್ಮೀಕಿಯ ಕಿಷ್ಕಿಂಧಾಕಾಂಡದ 17ನೇ ಸರ್ಗದಲ್ಲಿ ವಾಲಿಯ ಆಕ್ಷೇಪ, 18ರಲ್ಲಿ ರಾಮನ ಉತ್ತರ. ಬಾಣ ತಾಗಿ ಬಿದ್ದವನು ಬರೀ ಬೈಯುವುದಿಲ್ಲ, ವಾದ ಹೂಡುತ್ತಾನೆ. ಬೇರೊಬ್ಬನೊಡನೆ ಹೋರಾಡುತ್ತಿದ್ದವನಿಗೆ ಮರೆಯಿಂದ ಬಾಣ ಬಿಟ್ಟೆಯೇಕೆ? ನನ್ನ ಚರ್ಮ ಹೊದೆಯಲಾಗದು, ಮಾಂಸ ತಿನ್ನಲಾಗದು, ಮತ್ತೇಕೆ ಕೊಂದೆ? ನನಗೇ ಹೇಳಿದ್ದರೆ ಒಂದೇ ದಿನದಲ್ಲಿ ಸೀತೆಯನ್ನು ತಂದೊಪ್ಪಿಸುತ್ತಿದ್ದೆ! ಇವನ್ನು ಚೀಟಿಯಲ್ಲಿ ಒಂದೊಂದೇ ಶಬ್ದವಾಗಿ ಗುರುತು ಹಾಕಿ: ಮರೆ, ಚರ್ಮ, ಒಂದು ದಿನ. ವಾಕ್ಯ ಬೇಡ.

ಇದಕ್ಕಿಂತ ಹೆಚ್ಚು ಹೊತ್ತು 18ನೇ ಸರ್ಗಕ್ಕೆ ಕೊಡಿ. ಈ ಭೂಮಿ ಇಕ್ಷ್ವಾಕುಗಳದ್ದು, ತಮ್ಮ ಬದುಕಿರುವಾಗಲೇ ಅವನ ಹೆಂಡತಿ ರುಮೆಯನ್ನು ಇಟ್ಟುಕೊಂಡವನು ನೀನು ಎಂದು ರಾಮ ಎತ್ತಿಯೇ ಎತ್ತುತ್ತಾನೆ. ಮನೆಯಲ್ಲಿ ಯಾರನ್ನಾದರೂ ರಾಮನಾಗಿ ಕೂರಿಸಿ, ಪ್ರತಿಸಲ ಬೇರೆ ಬೇರೆ ಕಡೆಯಿಂದ ಚುಚ್ಚಿಸಿಕೊಳ್ಳಿ. ರುಮೆಯ ಪ್ರಶ್ನೆಗೆ ಮೂರು ಉತ್ತರವಾದರೂ ಕೈಯಲ್ಲಿರಲಿ; ಹೊಸ ವಾಲಿ ಸೋಲುವುದು ಅಲ್ಲೇ.

ಪೀಠಿಕೆಯನ್ನು, ಅಂದರೆ ಪಾತ್ರ ಶುರುವಿನಲ್ಲಿ ಆಡುವ ಮಾತನ್ನು, ಮಾತ್ರ ಬರೆದು ಕಲಿತರೆ ತಪ್ಪಿಲ್ಲ. ಆಗ ಎದುರಿನವರು ನಡುವೆ ಬಾಯಿ ಹಾಕುವುದಿಲ್ಲ, ನಿಮ್ಮ ಗಂಟಲೂ ಹದಕ್ಕೆ ಬರುತ್ತದೆ.

ವಾರ ಮೊದಲೇ ಇಂಗ್ಲಿಷ್ ಬಿಟ್ಟು ಮಾತಾಡಿ ಅಭ್ಯಾಸ ಮಾಡಿ. ಕಿಷ್ಕಿಂಧೆಯ ಅರಸ 'ಟೈಮ್ ಇಲ್ಲ' ಅಂದರೆ ಸಭೆ ನಗದೆ ಬಿಡುವುದಿಲ್ಲ.

ಕೂಟದ ದಿನ ಕಣ್ಣು ಭಾಗವತರ ಮೇಲಿರಲಿ. ಮಾತು ಎಲ್ಲೆಲ್ಲಿ ಸುತ್ತಿದರೂ ಕೊನೆಯ ವಾಕ್ಯ ಮುಂದಿನ ಪದಕ್ಕೆ ಎತ್ತುಗಡೆಯಾಗಬೇಕು, ಅಂದರೆ ಆ ಪದ ಎತ್ತಿಕೊಳ್ಳಲು ದಾರಿ ಮಾಡಿಕೊಡಬೇಕು. ಅವರು ಜಾಗಟೆ ಎತ್ತಿಕೊಂಡರೆ ಮುಗಿಸಿ ಎಂದೇ ಲೆಕ್ಕ. ವಾದದಲ್ಲಿ ಮೇಲುಗೈ ನಿಮ್ಮದೇ ಆದರೂ ವಾಲಿ ಅಂಗದನನ್ನು ಒಪ್ಪಿಸಿ, ರಾಮನಿಗೆ ತಲೆಬಾಗಿಯೇ ಸಾಯಬೇಕು. ಆ ಇಳಿತಕ್ಕೆ ನಾಲ್ಕು ಮಾತು ಉಳಿಸಿಕೊಳ್ಳಿ. ಕಾದ ವಾದದಿಂದ ಥಟ್ಟನೆ ಭಕ್ತಿಗೆ ಹಾರಿದರೆ ಮುಂದಿನ ಸಾಲಿನ ಅಜ್ಜಂದಿರು ಒಪ್ಪುವುದಿಲ್ಲ.