ಮೊಡವೆ ಕ್ರೀಮ್ ಹಚ್ಚಿ ಮುಖ ಸುಟ್ಟುಕೊಳ್ಳದಿರುವುದು ಹೇಗೆ?

ವೈದ್ಯರು ಟ್ರೆಟಿನಾಯಿನ್ ಅಥವಾ ಅಡಾಪಲೀನ್ ಎಂಬ ಮೊಡವೆ ಕ್ರೀಮ್ ಬರೆದುಕೊಟ್ಟ ಹತ್ತೇ ದಿನಕ್ಕೆ ಮುಖ ಕೆಂಪಗೆ ಮಾಡಿಕೊಂಡು, ‘ಇದು ನನಗೆ ಆಗಿಬರಲಿಲ್ಲ’ ಎಂದು ಟ್ಯೂಬನ್ನು ಮೂಲೆಗೆ ಹಾಕಿದವರನ್ನು ಬೇಕಾದಷ್ಟು ನೋಡಿದ್ದೇನೆ. ಹೆಚ್ಚಿನ ಸಲ ಎಡವಿದ್ದು ಔಷಧವಲ್ಲ, ಹಚ್ಚಿದ ಕೈ.

1. ರಾತ್ರಿ ಸೌಮ್ಯವಾದ ಫೇಸ್‌ವಾಶ್‌ನಲ್ಲಿ ಮುಖ ತೊಳೆಯಿರಿ. ಸ್ಕ್ರಬ್ ಇದ್ದರೆ ಯಾರಿಗಾದರೂ ಕೊಟ್ಟುಬಿಡಿ.

2. 20ರಿಂದ 30 ನಿಮಿಷ ಸುಮ್ಮನಿರಿ. ಹಸಿ ಚರ್ಮದ ಮೇಲೆ ಉರಿ ಜಾಸ್ತಿ.

3. ಎಲ್ಲರೂ ಕೆಡಿಸುವುದು ಇಲ್ಲೇ. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಕ್ರೀಮ್ ಸಾಕು. ಹಣೆ, ಎರಡು ಕೆನ್ನೆ, ಗಲ್ಲಕ್ಕೆ ಚುಕ್ಕೆ ಇಟ್ಟು ತೆಳ್ಳಗೆ ಸವರಿ. ಎದ್ದ ಮೊಡವೆಗಷ್ಟೇ ಮೆತ್ತಿದರೆ ಪ್ರಯೋಜನವಿಲ್ಲ. ರಂಧ್ರ ಮುಚ್ಚಿಕೊಳ್ಳದಂತೆ ನೋಡಿಕೊಂಡು ಮುಂದಿನ ಮೊಡವೆ ಏಳದಂತೆ ತಡೆಯುವುದೇ ಇದರ ಕೆಲಸ. ಕಣ್ಣಿನಂಚು, ಮೂಗಿನ ಪಕ್ಕದ ಮಡಿಕೆ, ತುಟಿಯ ಮೂಲೆ ಮೊದಲು ಸುಲಿಯುತ್ತವೆ. ಅಲ್ಲಿಗೆ ಮುಂಚೆಯೇ ಪೆಟ್ರೋಲಿಯಂ ಜೆಲ್ಲಿ ಸವರಿಕೊಳ್ಳಿ. ಮೊದಲ ಎರಡು ವಾರ ವಾರಕ್ಕೆ ಎರಡೋ ಮೂರೋ ರಾತ್ರಿ, ಆಮೇಲೆ ರಾತ್ರಿ ಬಿಟ್ಟು ರಾತ್ರಿ, ತಡೆದುಕೊಂಡರೆ ದಿನಾ. ಚರ್ಮ ನಾಜೂಕಾಗಿದ್ದರೆ ಮಾಯಿಶ್ಚರೈಸರ್ ಹಚ್ಚಿ, ಅದರ ಮೇಲೆ ಕ್ರೀಮ್, ಮತ್ತೆ ಮಾಯಿಶ್ಚರೈಸರ್. ಕೇಳಿದವರಿಗೆಲ್ಲ ನಾನು ಹೇಳುವುದು ಇದನ್ನೇ.

ಮೊಡವೆಯ ಬ್ಯಾಕ್ಟೀರಿಯಾ ಕೊಲ್ಲುವ ಬೆನ್ಝಾಯಿಲ್ ಪೆರಾಕ್ಸೈಡ್ ಕೂಡ ಬರೆದಿದ್ದರೆ, ಟ್ರೆಟಿನಾಯಿನ್ ಜೊತೆ ಒಂದೇ ಹೊತ್ತಿಗೆ ಹಚ್ಚಬೇಡಿ, ಅದು ಬೆಳಿಗ್ಗೆಗಿರಲಿ. ಅದು ತಾಗಿದರೆ ಬಣ್ಣದ ಟವೆಲ್, ದಿಂಬಿನ ಕವರ್ ಬೆಳ್ಳಗಾಗುತ್ತವೆ, ಬಿಳಿಯದನ್ನೇ ಬಳಸಿ. ಇನ್ನು ‘ವಾರದಲ್ಲಿ ಹೊಳಪು’ ಎನ್ನುವ ಸ್ಟೀರಾಯ್ಡ್ ಬೆರೆತ ಕ್ರೀಮುಗಳನ್ನು ಮುಟ್ಟಲೇಬೇಡಿ. ಚರ್ಮ ತೆಳುವಾಗುತ್ತದೆ, ಬಿಟ್ಟ ಕೂಡಲೇ ಮೊಡವೆ ಇನ್ನಷ್ಟು ಏಳುತ್ತವೆ.

4. ಬೆಳಿಗ್ಗೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್. ಇದರಲ್ಲಿ ರಿಯಾಯಿತಿ ಇಲ್ಲ.

5. ಕಾಯಿರಿ. ಸಣ್ಣ ಉರಿ, ಸಿಪ್ಪೆ ಏಳುವುದು, ಆರಂಭದಲ್ಲಿ ಮೊಡವೆ ತುಸು ಹೆಚ್ಚುವುದು ಮಾಮೂಲು. ಒಂದೆರಡು ರಾತ್ರಿ ಬಿಟ್ಟು ಮುಂದುವರಿಸಿ. ಊತ, ಗುಳ್ಳೆ, ನೀರು ಸೋರುವುದು ಕಂಡರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. 12 ವಾರಕ್ಕೆ ಮೊದಲು ತೀರ್ಪು ಕೊಡಬೇಡಿ.

ಮಾತ್ರೆಯ ಲೆಕ್ಕ ಬೇರೆ. ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಅನ್ನು ಲೋಟ ತುಂಬ ನೀರಿನ ಜೊತೆ ನುಂಗಿ, ಅರ್ಧ ಗಂಟೆಯಾದರೂ ಮಲಗಬೇಡಿ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಹುಣ್ಣಾಗುತ್ತದೆ. ತೀವ್ರ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಭ್ರೂಣಕ್ಕೆ ತೀವ್ರ ಹಾನಿ ಮಾಡುತ್ತದೆ. ಆದ್ದರಿಂದ ಗರ್ಭಿಣಿಯರು ತೆಗೆದುಕೊಳ್ಳಲೇಬಾರದು. ಮಾತ್ರೆ ನುಂಗುವಾಗಲೂ ನಿಲ್ಲಿಸಿದ ಮೇಲೆ ಒಂದು ತಿಂಗಳೂ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ಅಷ್ಟು ದಿನ ಯಾರೂ ರಕ್ತದಾನವನ್ನೂ ಮಾಡುವಂತಿಲ್ಲ. ಮನಸ್ಸು ಕುಗ್ಗಿದರೆ ‘ಸುಮ್ಮನೆ ಬೇಜಾರು’ ಎಂದು ತಳ್ಳಿಹಾಕದೆ ತಕ್ಷಣ ವೈದ್ಯರಿಗೆ ಹೇಳಿ. ತುಟಿ ಒಡೆಯುವುದಂತೂ ಬಹುತೇಕ ಖಚಿತ, ಲಿಪ್ ಬಾಮ್ ಜೇಬಿನಲ್ಲೇ ಇರಲಿ. ವ್ಯಾಕ್ಸಿಂಗ್ ಈ ಮಾತ್ರೆ ನುಂಗುವಾಗಲೂ ಬೇಡ, ನಿಲ್ಲಿಸಿ ಆರು ತಿಂಗಳವರೆಗೂ ಬೇಡ: ಕೂದಲ ಜೊತೆ ಚರ್ಮವೂ ಕಿತ್ತು ಬರುತ್ತದೆ.